ಗುಜರಿಯ ಲೋಹ, ನಗರದ ಮಾತು: ‘ಡಿಸ್ಪೋಸಬಲ್ ಹೀರೋಸ್ ಆಫ್ ಹಿಪ್‌ಹಾಪ್ರಿಸಿ’ ತಂಡದ ಚರಿತ್ರೆ

ಜಾನಪದ ಅಧ್ಯಯನದಲ್ಲಿ ತೊಡಗಿದವರಿಗೆ ಕಾಲವನ್ನು ಕುರಿತಂತೆ ಒಂದು ಪೂರ್ವಗ್ರಹವಿದೆ. ಒಂದು ಹಾಡು ಎಷ್ಟು ತಲೆಮಾರುಗಳಿಂದ ಹರಿದುಬಂದಿದೆ ಎಂಬ ಪ್ರಶ್ನೆಯನ್ನು ನಾವು ಮೊದಲು ಕೇಳುತ್ತೇವೆ. ಅದು ಏಕೆ ಹುಟ್ಟಿತು, ಏಕೆ ಬೇಗ ನಿಂತುಹೋಯಿತು ಎಂಬ ಪ್ರಶ್ನೆಗಳು ಆನಂತರ ಬರುತ್ತವೆ. ಕೆಲವೊಮ್ಮೆ ಬರುವುದೇ ಇಲ್ಲ. ಹೀಗಾಗಿ ಎರಡು ಮೂರು ವರ್ಷ ಬದುಕಿ ಚದುರಿಹೋದ ಮೇಳಗಳು ನಮ್ಮ ಚರಿತ್ರೆಯ ಬರವಣಿಗೆಯಿಂದ ಹೊರಗೆ ಉಳಿದಿವೆ. ದೀರ್ಘಾಯುಷ್ಯವನ್ನೇ ಮಹತ್ವದ ಅಳತೆಗೋಲನ್ನಾಗಿ ಮಾಡಿಕೊಂಡ ಅಧ್ಯಯನ ಕ್ರಮವು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಯ್ದುಕೊಂಡಿರುವ ನಿದರ್ಶನವು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು. 1990ರ ದಶಕದ ಆರಂಭದಲ್ಲಿ ರೂಪುಗೊಂಡು 1993ರಲ್ಲಿ ವಿಸರ್ಜನೆಗೊಂಡ ‘ಡಿಸ್ಪೋಸಬಲ್ ಹೀರೋಸ್ ಆಫ್ ಹಿಪ್‌ಹಾಪ್ರಿಸಿ’ ಎಂಬ ತಂಡವು ಹಿಪ್‌ಹಾಪ್ ಎಂಬ ಲಯಬದ್ಧ ಮಾತುಗಾರಿಕೆಯನ್ನೂ, ಇಂಡಸ್ಟ್ರಿಯಲ್ ಎಂದು ಕರೆಯಲಾಗುವ ಲೋಹಧ್ವನಿಯ ಸಂಗೀತವನ್ನೂ ಒಂದೇ ವೇದಿಕೆಗೆ ತಂದಿತು. ಬಳಸಿ ಬಿಸಾಡಬಹುದಾದ ವೀರರು ಎಂಬ ಅರ್ಥವು ಹೆಸರಿನಲ್ಲೇ ಇದೆ. ‘ಹಿಪ್‌ಹಾಪ್’ ಮತ್ತು ಆಷಾಢಭೂತಿತನವೆಂಬ ಅರ್ಥದ ‘ಹಿಪಾಕ್ರಿಸಿ’ ಎಂಬೆರಡು ಪದಗಳನ್ನು ಬೆಸೆದು ‘ಹಿಪ್‌ಹಾಪ್ರಿಸಿ’ ಎಂಬ ಹೊಸ ಪದವನ್ನು ತಂಡದವರು ಕಟ್ಟಿಕೊಂಡರು.

ಈ ಪ್ರದೇಶವು ಕನ್ನಡ ಮತ್ತು ತುಳು ಜಾನಪದ ಅಧ್ಯಯನಕ್ಕೆ ಅಪರಿಚಿತವಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅಲನ್ ಡಂಡೆಸ್ ಅವರು 1963ರಿಂದ 2005ರಲ್ಲಿ ನಿಧನರಾಗುವವರೆಗೆ ಜಾನಪದವನ್ನು ಬೋಧಿಸಿದರು. ತುಳುನಾಡಿನ ಪಾಡ್ದನ ಮತ್ತು ಸಿರಿ ಆರಾಧನೆಯನ್ನು ಕುರಿತು ಮಹತ್ವದ ಅಧ್ಯಯನ ನಡೆಸಿದ ಪೀಟರ್ ಜೆ. ಕ್ಲಾಸ್ ಅವರು ಅದೇ ದಂಡೆಯ ಹೇವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ‘ಜನಪದ’ ಎಂದರೆ ಹಳ್ಳಿಗರು ಮಾತ್ರವಲ್ಲ, ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೇ ಎಂಬ ಡಂಡೆಸ್ ಅವರ ವ್ಯಾಖ್ಯಾನವನ್ನು ನಮ್ಮ ಪಠ್ಯಪುಸ್ತಕಗಳು ಎಂದೋ ಒಪ್ಪಿಕೊಂಡಿವೆ. ಆ ವ್ಯಾಖ್ಯಾನವು ಬೋಧನೆಯಾಗುತ್ತಿದ್ದ ತೀರದಲ್ಲಿಯೇ ಹುಟ್ಟಿದ ಸಂಗೀತವೊಂದನ್ನು ಅದರ ಬೆಳಕಿನಲ್ಲಿ ನೋಡುವುದು ಅನುಚಿತವಾಗಲಾರದು.

1. ದುಡಿಮೆಯ ಉಪಕರಣ ಮತ್ತು ಲಯ

ಬೀಸುವ ಪದದಲ್ಲಿ ಕಲ್ಲಿನ ಸದ್ದು ಹಾಡಿಗೆ ಹೊರಗಿನದಲ್ಲ ಎಂಬುದು ಈ ಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಆಫ್ರಿಕನ್ ಅಮೆರಿಕನ್ ಸಮುದಾಯದ ದುಡಿಮೆಯ ಹಾಡುಗಳಲ್ಲಿ ಕೊಡಲಿ, ಗುದ್ದಲಿ, ಸುತ್ತಿಗೆಗಳಿಗೂ ಇದೇ ಸ್ಥಾನವಿದೆ. ಅಲನ್ ಲೋಮ್ಯಾಕ್ಸ್ ಅವರು 1947 ಮತ್ತು 1948ರಲ್ಲಿ ಮಿಸಿಸಿಪಿ ರಾಜ್ಯದ ಪಾರ್ಚ್‌ಮನ್ ಸೆರೆಮನೆಯಲ್ಲಿ ಕೈದಿಗಳ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಆ ಮುದ್ರಿಕೆಗಳಲ್ಲಿ ಬೇರೆ ತಾಳವಾದ್ಯ ಇಲ್ಲ; ಮರಕ್ಕೆ ಬೀಳುವ ಕೊಡಲಿಯ ಏಟೇ ತಾಳ.

ಬ್ರೂಸ್ ಜಾಕ್ಸನ್ ಅವರು 1960ರ ದಶಕದಲ್ಲಿ ಟೆಕ್ಸಸ್‌ನ ಸೆರೆಮನೆಗಳಲ್ಲಿ ಸಂಗ್ರಹಿಸಿ 1972ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಹಾಡುಗಳ ಅಧ್ಯಯನವು ಈ ತಾಳದ ಸಾಮಾಜಿಕ ಕಾರ್ಯವನ್ನು ಸ್ಪಷ್ಟಪಡಿಸುತ್ತದೆ. ಹಲವರು ಒಂದೇ ಮರದ ಸುತ್ತ ನಿಂತು ಕಡಿಯುವಾಗ ಏಟುಗಳು ಲಯ ತಪ್ಪಿದರೆ ಪಕ್ಕದವನ ಜೀವಕ್ಕೇ ಅಪಾಯ. ಎಲ್ಲರೂ ಒಂದೇ ವೇಗದಲ್ಲಿ ದುಡಿದಾಗ ನಿಧಾನವಾಗಿ ದುಡಿಯುವ ದುರ್ಬಲನು ಕಾವಲುಗಾರನ ಕಣ್ಣಿಗೆ ಬೀಳುವುದಿಲ್ಲ. ಅಂದರೆ ಉಪಕರಣದ ಲಯವು ದುಡಿಮೆಯನ್ನು ನಡೆಸುವಂತೆಯೇ ದುಡಿಯುವವನನ್ನು ರಕ್ಷಿಸುವ ಕೆಲಸವನ್ನೂ ಮಾಡುತ್ತಿತ್ತು.

ಈ ಪರಂಪರೆಯಲ್ಲಿ ಲೋಹಕ್ಕೆ ವಿಶೇಷವಾದ ಸ್ಥಾನವಿದೆ. ಆವಿಯಂತ್ರದೊಂದಿಗೆ ಸ್ಪರ್ಧಿಸಿ, ಗೆದ್ದು, ಸುತ್ತಿಗೆ ಹಿಡಿದೇ ಪ್ರಾಣ ಬಿಟ್ಟ ಜಾನ್ ಹೆನ್ರಿಯ ಐತಿಹ್ಯವು ಅಮೆರಿಕದ ಅತ್ಯಂತ ಪ್ರಸಿದ್ಧ ಕಥನಗೀತೆಗಳಿಗೆ ವಸ್ತುವಾಗಿದೆ. ಕೆರಿಬಿಯನ್‌ನ ಟ್ರಿನಿಡಾಡ್ ದ್ವೀಪದಲ್ಲಿ ವಸಾಹತು ಪ್ರಭುತ್ವವು ಚರ್ಮವಾದ್ಯಗಳ ಮೇಲೆ ನಿರ್ಬಂಧ ಹೇರಿದ ತರುವಾಯ ಜನರು ಬಿದಿರನ್ನು ಬಡಿದರು. 1930ರ ದಶಕದಲ್ಲಿ ಡಬ್ಬಿಗಳನ್ನು, ಮುಂದೆ ತೈಲದ ಪೀಪಾಯಿಗಳನ್ನು ವಾದ್ಯಗಳನ್ನಾಗಿ ಪರಿವರ್ತಿಸಿಕೊಂಡರು. ಉದ್ಯಮದ ತ್ಯಾಜ್ಯವನ್ನು ವಾದ್ಯವಾಗಿಸುವ ಕ್ರಮವು ಯುರೋಪಿನ ಪ್ರಯೋಗಶೀಲ ಕಲಾವಿದರ ಆವಿಷ್ಕಾರ ಮಾತ್ರವಲ್ಲ ಎಂಬುದನ್ನು ಮುಂದಿನ ಚರ್ಚೆಗಾಗಿ ಇಲ್ಲಿ ಗಮನಿಸಬೇಕು.

2. ಎರಡು ಧಾರೆಗಳು

ಹಿಪ್‌ಹಾಪ್‌ನ ಉಗಮವನ್ನು ಸಾಮಾನ್ಯವಾಗಿ 1973ರ ಆಗಸ್ಟ್ 11ಕ್ಕೆ ಗುರುತಿಸಲಾಗುತ್ತದೆ. ಅಂದು ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯ ಒಂದು ವಸತಿ ಕಟ್ಟಡದಲ್ಲಿ ನಡೆದ ಸಂತೋಷಕೂಟದಲ್ಲಿ, ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ಅವರು ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದರು. ಹಾಡಿನ ನಡುವೆ ತಾಳವಾದ್ಯ ಮಾತ್ರ ಉಳಿಯುವ ಭಾಗವನ್ನು ಎರಡು ತಟ್ಟೆಗಳ ನೆರವಿನಿಂದ ಮತ್ತೆ ಮತ್ತೆ ನುಡಿಸಿ ಹಿಗ್ಗಿಸುವ ತಂತ್ರವನ್ನು ಅವರು ಬೆಳೆಸಿದರು. ಆ ತಾಳದ ಮೇಲೆ ಪ್ರಾಸಬದ್ಧವಾದ ಮಾತು ಬಂದು ಕೂತಿತು. ಅದಕ್ಕೆ ಹಿಂದೆ ಬೀದಿಯ ಮೌಖಿಕ ಪರಂಪರೆಗಳು ಇದ್ದವು. ‘ಟೋಸ್ಟ್’ ಎಂಬ ದೀರ್ಘ ಪದ್ಯಕಥನ, ‘ಡಜನ್ಸ್’ ಎಂಬ ಬೈಗುಳದ ಸವಾಲು-ಜವಾಬುಗಳನ್ನು ರೋಜರ್ ಅಬ್ರಹಾಮ್ಸ್ ಅವರು ಫಿಲಡೆಲ್ಫಿಯದ ಬೀದಿಗಳಿಂದ ಸಂಗ್ರಹಿಸಿ 1964ರಲ್ಲೇ ಪ್ರಕಟಿಸಿದ್ದರು. 1968ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ‘ಲಾಸ್ಟ್ ಪೊಯೆಟ್ಸ್’ ತಂಡ ಮತ್ತು ಗಿಲ್ ಸ್ಕಾಟ್-ಹೆರಾನ್ ಅವರ ಮಾತು-ತಾಳದ ಪ್ರಯೋಗಗಳು ಈ ಪರಂಪರೆಗೆ ರಾಜಕೀಯ ಪ್ರಜ್ಞೆಯನ್ನು ಕೂಡಿಸಿದವು.

ಇನ್ನೊಂದು ಧಾರೆ ಬ್ರಿಟನ್ ಮತ್ತು ಜರ್ಮನಿಯದು. 1975ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ‘ಥ್ರಾಬಿಂಗ್ ಗ್ರಿಸಲ್’ ತಂಡವು ಮರುವರ್ಷ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಧ್ವನಿಮುದ್ರಿಕಾ ಸಂಸ್ಥೆಯನ್ನು ಆರಂಭಿಸಿತು. ಈ ಸಂಗೀತ ಪ್ರಕಾರದ ಹೆಸರು ಹುಟ್ಟಿದ್ದು ಅಲ್ಲಿಂದ. 1980ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಆರಂಭವಾದ ‘ಐನ್‌ಸ್ಟೂರ್ಟ್ಸೆಂಡೆ ನೊಯ್‌ಬೌಟೆನ್’ ತಂಡವು ಕೊರೆಯುವ ಯಂತ್ರ, ತಗಡು, ಕಬ್ಬಿಣದ ಸ್ಪ್ರಿಂಗ್‌ಗಳನ್ನು ವೇದಿಕೆಗೆ ತಂದಿತು. ಲಂಡನ್ನಿನ ‘ಟೆಸ್ಟ್ ಡಿಪಾರ್ಟ್‌ಮೆಂಟ್’ ತಂಡವು ಗುಜರಿ ಲೋಹವನ್ನು ಬಡಿಯುತ್ತ, 1984-85ರ ಗಣಿ ಕಾರ್ಮಿಕರ ಮುಷ್ಕರದ ಸಂದರ್ಭದಲ್ಲಿ ದಕ್ಷಿಣ ವೇಲ್ಸ್‌ನ ಮುಷ್ಕರನಿರತ ಗಣಿಗಾರರ ಗಾಯನ ವೃಂದದೊಡನೆ ಸೇರಿ ಹಾಡಿತು. ಕೈಗಾರಿಕೆಗಳು ಮುಚ್ಚುತ್ತಿದ್ದ ಕಾಲದಲ್ಲಿಯೇ ಕೈಗಾರಿಕೆಯ ಹೆಸರಿನ ಸಂಗೀತವು ಬೆಳೆಯಿತೆಂಬುದು ಆಕಸ್ಮಿಕವಲ್ಲ. ಯಂತ್ರವು ಕೆಲಸ ಮಾಡುತ್ತಿರುವಾಗ ಅದರ ಸದ್ದು ಸದ್ದು ಮಾತ್ರ. ಅದು ನಿಂತ ಮೇಲೆಯೇ ಆ ಸದ್ದಿಗೆ ನೆನಪಿನ ಮೌಲ್ಯ ಒದಗುತ್ತದೆ.

ಈ ಎರಡು ಧಾರೆಗಳು ಪರಸ್ಪರ ಅಪರಿಚಿತವಾಗಿರಲಿಲ್ಲ. ಹಿಪ್‌ಹಾಪ್‌ನ ಆರಂಭದ ದಿನಗಳಲ್ಲಿ ‘ಶುಗರ್‌ಹಿಲ್’ ಸಂಸ್ಥೆಯ ಮುದ್ರಿಕೆಗಳಿಗೆ ವಾದ್ಯ ನುಡಿಸಿದ್ದ ಕೀತ್ ಲೆಬ್ಲಾಂಕ್, ಡಗ್ ವಿಂಬಿಷ್ ಮತ್ತು ಸ್ಕಿಪ್ ಮೆಕ್‌ಡೊನಾಲ್ಡ್ ಅವರು 1980ರ ದಶಕದ ಮಧ್ಯದಲ್ಲಿ ಲಂಡನ್ನಿನ ಏಡ್ರಿಯನ್ ಶೆರ್ವುಡ್ ಅವರೊಡನೆ ಕೂಡಿ ‘ಟ್ಯಾಕ್‌ಹೆಡ್’ ಎಂಬ ತಂಡವನ್ನು ಕಟ್ಟಿದರು. ಸಂಗಮದ ಮೊದಲ ನೆಲೆಗಳಲ್ಲಿ ಅದೂ ಒಂದು.

3. ಕೊಲ್ಲಿ ಪ್ರದೇಶ ಮತ್ತು ‘ಬೀಟ್‌ನಿಗ್ಸ್’

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯು ಅಮೆರಿಕದ ದೊಡ್ಡ ಹಡಗು ಕಟ್ಟೆಗಳಲ್ಲಿ ಒಂದಾಗಿತ್ತು. ರಿಚ್‌ಮಂಡ್‌ನ ಕೈಸರ್ ಹಡಗು ಕಟ್ಟೆಗಳಲ್ಲಿಯೇ ಯುದ್ಧಕಾಲದಲ್ಲಿ 747 ಹಡಗುಗಳು ನಿರ್ಮಾಣವಾದವು. ಈ ಕೆಲಸಕ್ಕಾಗಿ ಲೂಯಿಸಿಯಾನ, ಟೆಕ್ಸಸ್, ಅರ್ಕನ್ಸಾ ರಾಜ್ಯಗಳಿಂದ ಕಪ್ಪು ಜನರು ವಲಸೆ ಬಂದರು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1940ರಲ್ಲಿ 5 ಸಾವಿರಕ್ಕಿಂತ ಕಡಿಮೆಯಿದ್ದ ಅವರ ಸಂಖ್ಯೆ 1950ರ ವೇಳೆಗೆ 40 ಸಾವಿರವನ್ನು ಮೀರಿತು. ಯುದ್ಧ ಮುಗಿದ ಮೇಲೆ ಕೆಲಸ ಕಡಿಮೆಯಾಯಿತು. ಹಂಟರ್ಸ್ ಪಾಯಿಂಟ್‌ನ ನೌಕಾಪಡೆಯ ಹಡಗು ಕಟ್ಟೆ 1974ರಲ್ಲಿ ಮುಚ್ಚಿತು. ಫ್ರೀಮಂಟ್‌ನ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಬಾಗಿಲು ಹಾಕಿತು. ಎರಡು ವರ್ಷಗಳ ಅನಂತರ ಜಪಾನಿನ ಟೊಯೋಟಾ ಸಂಸ್ಥೆಯ ಸಹಭಾಗಿತ್ವದಲ್ಲಿ ಅದು ಹೊಸ ರೂಪದಲ್ಲಿ ತೆರೆಯಿತು. ಮಿಲ್ಪಿಟಾಸ್‌ನ ಫೋರ್ಡ್ ಕಾರ್ಖಾನೆ 1983ರಲ್ಲಿ ನಿಂತಿತು. ಲೋಹವನ್ನು ಬೆಸೆಯಲೆಂದು ಬಂದವರ ಮೊಮ್ಮಕ್ಕಳ ಪಾಲಿಗೆ ಉಳಿದದ್ದು ಲೋಹ ಮಾತ್ರ, ಬೆಸೆಯುವ ಕೆಲಸವಲ್ಲ.

ಇದೇ ಪ್ರದೇಶವು ಯಂತ್ರಕಲೆಯ ಕೇಂದ್ರವೂ ಆಗಿತ್ತು. ಮಾರ್ಕ್ ಪಾಲಿನ್ ಅವರು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಥಾಪಿಸಿದ ‘ಸರ್ವೈವಲ್ ರಿಸರ್ಚ್ ಲ್ಯಾಬೊರೇಟರೀಸ್’ ಬಿಸಾಡಿದ ಯಂತ್ರಗಳಿಂದ ಹೊಸ ಯಂತ್ರಗಳನ್ನು ಕಟ್ಟಿ ಅವುಗಳಿಂದಲೇ ಪ್ರದರ್ಶನಗಳನ್ನು ಕೊಡಿಸುತ್ತಿತ್ತು. ಥ್ರಾಬಿಂಗ್ ಗ್ರಿಸಲ್ ತಂಡದ ಮೊದಲ ಅವಧಿಯ ಕೊನೆಯ ಪ್ರದರ್ಶನ 1981ರ ಮೇ 29ರಂದು ನಡೆದದ್ದು ಇದೇ ನಗರದಲ್ಲಿ. ‘ಡೆಡ್ ಕೆನಡೀಸ್’ ಎಂಬ ಪಂಕ್ ತಂಡವು 1979ರಲ್ಲಿ ‘ಆಲ್ಟರ್ನೇಟಿವ್ ಟೆಂಟಕಲ್ಸ್’ ಎಂಬ ಸ್ವತಂತ್ರ ಧ್ವನಿಮುದ್ರಿಕಾ ಸಂಸ್ಥೆಯನ್ನು ಸ್ಥಾಪಿಸಿದ್ದೂ ಇಲ್ಲಿಯೇ.

ಮೈಕೆಲ್ ಫ್ರಾಂಟಿ 1966ರಲ್ಲಿ ಓಕ್ಲಂಡ್‌ನಲ್ಲಿ ಜನಿಸಿದರು; ಅದೇ ವರ್ಷ ಅದೇ ಊರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವೂ ಸ್ಥಾಪನೆಯಾಯಿತು. ಆದರೆ ಅವರ ಬಾಲ್ಯ ಆ ಸಮುದಾಯದ ನಡುವೆ ಕಳೆಯಲಿಲ್ಲ. ಹೆತ್ತ ತಾಯಿ ಬಿಳಿಯ ಜನಾಂಗದವರು; ತಂದೆ ಆಫ್ರಿಕನ್ ಅಮೆರಿಕನ್ ಮತ್ತು ಮೂಲನಿವಾಸಿ ಮೂಲದವರು. ಶಿಶುವನ್ನು ದತ್ತು ಪಡೆದವರು ಫಿನ್ಲೆಂಡ್ ಮೂಲದ ಅಮೆರಿಕನ್ ದಂಪತಿ. ಡೇವಿಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಬೆಳೆದ ಫ್ರಾಂಟಿ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯವನ್ನು ಸೇರಿದರು. ಪರಂಪರೆಯು ರಕ್ತದ ಮೂಲಕ ಅಥವಾ ಮನೆಯ ಮೂಲಕ ಬರುತ್ತದೆಂಬ ನಮ್ಮ ಸರಳ ಗ್ರಹಿಕೆಗೆ ಈ ಬಾಳು ಒಗ್ಗುವುದಿಲ್ಲ. ಫ್ರಾಂಟಿ ತಮ್ಮ ಪರಂಪರೆಯನ್ನು ಹುಡುಕಿಕೊಂಡು, ಆಯ್ದುಕೊಂಡು ಪಡೆದವರು.

1986ರಲ್ಲಿ ಫ್ರಾಂಟಿ, ರೋನೊ ತ್ಸೆ ಮತ್ತು ಸಂಗಡಿಗರು ‘ಬೀಟ್‌ನಿಗ್ಸ್’ ತಂಡವನ್ನು ಕಟ್ಟಿದರು. ‘ಬೀಟ್‌ನಿಕ್’ ಎಂಬ ಪದವನ್ನು 1958ರಲ್ಲಿ ಟಂಕಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಅಂಕಣಕಾರ ಹರ್ಬ್ ಕೇನ್. ಬೀಟ್ ಪೀಳಿಗೆಯ ಲೇಖಕರ ಅನುಯಾಯಿಗಳನ್ನು ಲೇವಡಿ ಮಾಡಲು ಅದನ್ನು ಬಳಸಲಾಗುತ್ತಿತ್ತು. ಆ ಪದಕ್ಕೆ ಕಪ್ಪು ಜನರನ್ನು ಹೀಯಾಳಿಸುವ ಬೈಗುಳದ ತುಣುಕನ್ನು ಅಂಟಿಸಿ ತಂಡದ ಹೆಸರನ್ನು ರೂಪಿಸಲಾಯಿತು. ಬೈದವರ ಪದವನ್ನೇ ಕಿತ್ತುಕೊಂಡು ಬೈಸಿಕೊಂಡವರು ತಮ್ಮ ಗುರುತಾಗಿ ಧರಿಸುವ ಈ ಕ್ರಮ ಜಾನಪದಕ್ಕೆ ಪರಿಚಿತವಾದುದೇ.

ಬೀಟ್‌ನಿಗ್ಸ್ ಪ್ರದರ್ಶನದಲ್ಲಿ ಡ್ರಮ್‌ಗಳ ಜೊತೆಗೆ ಸರಪಳಿಗಳು, ಲೋಹದ ತುಂಡುಗಳು, ಧ್ವನಿಸುರುಳಿಗಳು ಇದ್ದವು. ತಿರುಗುವ ವಿದ್ಯುತ್ ಗರಗಸವನ್ನು ಕಬ್ಬಿಣದ ಸಲಾಕೆಗೆ ಒತ್ತಿ, ಹೊರಡುವ ಕರ್ಕಶ ಧ್ವನಿಯನ್ನೂ ಚಿಮ್ಮುವ ಕಿಡಿಗಳನ್ನೂ ಪ್ರದರ್ಶನದ ಅಂಗವನ್ನಾಗಿಸಿಕೊಳ್ಳಲಾಗಿತ್ತು. 1988ರಲ್ಲಿ ಆಲ್ಟರ್ನೇಟಿವ್ ಟೆಂಟಕಲ್ಸ್ ಸಂಸ್ಥೆಯು ತಂಡದ ಹೆಸರಿನಲ್ಲಿಯೇ ಅವರ ಧ್ವನಿಮುದ್ರಿಕೆಯನ್ನು ಹೊರತಂದಿತು. ದೂರದರ್ಶನವನ್ನು ಇಡೀ ರಾಷ್ಟ್ರದ ಮಾದಕವಸ್ತುವೆಂದು ಕರೆಯುವ ರಚನೆ ಅದರಲ್ಲಿತ್ತು. ಅದೇ ರಚನೆಯನ್ನು ಏಡ್ರಿಯನ್ ಶೆರ್ವುಡ್, ಮಾರ್ಕ್ ಸ್ಟೂವರ್ಟ್ ಮತ್ತು ಗ್ಯಾರಿ ಕ್ಲೇಲ್ ಅವರು ಮರುಮಿಶ್ರಣಗೊಳಿಸಿದರು. ಸ್ವಲ್ಪ ಕಾಲದಲ್ಲಿಯೇ ತಂಡ ಚದುರಿತು. ಫ್ರಾಂಟಿ ಮತ್ತು ತ್ಸೆ ಮಾತ್ರ ಜೊತೆಯಾಗಿ ಉಳಿದರು.

4. ‘ಹಿಪ್‌ಹಾಪ್ರಿಸಿ’ಯ ಅವಧಿ

ಹೊಸ ತಂಡದ ಕೇಂದ್ರದಲ್ಲಿದ್ದವರು ಇಬ್ಬರು. ಎತ್ತರದ ನಿಲುವಿನ, ಗಂಭೀರವಾದ ಕಂಠದ ಫ್ರಾಂಟಿ ಮಾತಿನ ಹೊಣೆ ಹೊತ್ತರು. ಚೀನೀ ಮೂಲದ ರೋನೊ ತ್ಸೆ ಲೋಹದ ಹೊಣೆ ಹೊತ್ತರು: ಕಾರಿನ ಚಕ್ರದ ರಿಮ್‌ಗಳು, ಸರಪಳಿ, ಗರಗಸ ಅವರ ವಾದ್ಯಗಳು. ಅಂದಿನ ಹಿಪ್‌ಹಾಪ್‌ನಲ್ಲಿ ಏಷ್ಯಾ ಮೂಲದ ಸದಸ್ಯರು ವಿರಳ. ಇವರೊಡನೆ ಗಿಟಾರ್ ನುಡಿಸಿದ ಯುವಕ ಚಾರ್ಲಿ ಹಂಟರ್ ಮುಂದೆ ಎಂಟು ತಂತಿಗಳ ಗಿಟಾರಿನಿಂದ ಜಾಝ್ ಲೋಕದಲ್ಲಿ ಹೆಸರಾದರು. ಸ್ಯಾನ್ ಫ್ರಾನ್ಸಿಸ್ಕೊದ ‘ಕನ್ಸಾಲಿಡೇಟೆಡ್’ ತಂಡದ ಮಾರ್ಕ್ ಪಿಸ್ಟೆಲ್ ಮತ್ತು ಇಂಗ್ಲೆಂಡಿನ ‘ಮೀಟ್ ಬೀಟ್ ಮ್ಯಾನಿಫೆಸ್ಟೊ’ದ ಜಾಕ್ ಡೇಂಜರ್ಸ್ ಧ್ವನಿಮುದ್ರಣದ ಕೆಲಸದಲ್ಲಿ ನೆರವಾದರು.

1992ರಲ್ಲಿ ಹೊರಬಂದ ‘ಹಿಪಾಕ್ರಿಸಿ ಈಸ್ ದಿ ಗ್ರೇಟೆಸ್ಟ್ ಲಗ್ಜುರಿ’ ತಂಡದ ಪ್ರಮುಖ ಕೃತಿ. ಅದನ್ನು ಪ್ರಕಟಿಸಿದ್ದು ಐಲೆಂಡ್ ರೆಕಾರ್ಡ್ಸ್‌ನ ಅಂಗಸಂಸ್ಥೆ. ಐಲೆಂಡ್ ಸಂಸ್ಥೆಯು 1989ರಲ್ಲಿ ಬಹುರಾಷ್ಟ್ರೀಯ ಕಂಪನಿಯಾದ ಪಾಲಿಗ್ರಾಮ್‌ನ ಸ್ವಾಧೀನಕ್ಕೆ ಹೋಗಿತ್ತು. ಆಷಾಢಭೂತಿತನವೇ ಎಲ್ಲಕ್ಕಿಂತ ದೊಡ್ಡ ಭೋಗವೆಂದು ಸಾರುವ ಕೃತಿಯು ಬೃಹತ್ ಬಂಡವಾಳದ ಮೂಲಕ ಮಾರುಕಟ್ಟೆಗೆ ಬಂದಿತು. ಈ ವೈರುಧ್ಯವನ್ನು ತಂಡವು ಮುಚ್ಚಿಡಲಿಲ್ಲ. ತನ್ನ ಹೆಸರಿನಲ್ಲಿಯೇ ಕಪಟವನ್ನು ಸೇರಿಸಿಕೊಂಡು ಟೀಕೆಯನ್ನು ಮೊದಲು ತನ್ನ ಮೇಲೆಯೇ ತಿರುಗಿಸಿಕೊಂಡಿತು.

ಕೃತಿಯ ವಸ್ತುವೈವಿಧ್ಯ ಗಮನಾರ್ಹವಾದುದು. 1991ರ ಜನವರಿ 17ರಂದು ಬಾಗ್ದಾದ್ ಮೇಲೆ ಆರಂಭವಾದ ಬಾಂಬ್ ದಾಳಿಯನ್ನು ಜಗತ್ತು ಸಿಎನ್‌ಎನ್ ವಾಹಿನಿಯ ಮೂಲಕ ಮನೆಯಲ್ಲಿ ಕೂತು ನೋಡಿತ್ತು. ಆ ಕೊಲ್ಲಿ ಯುದ್ಧವನ್ನು ಕುರಿತ ದೀರ್ಘ ರಚನೆಯೊಂದು ಇಲ್ಲಿದೆ. ಬಿಳಿಯರ ಮನರಂಜನೆಗಾಗಿ ತಮ್ಮನ್ನೇ ನಗೆಪಾಟಲು ಮಾಡಿಕೊಳ್ಳಬೇಕಾದ ಕಪ್ಪು ಕಲಾವಿದರ ಸ್ಥಿತಿಯನ್ನು ಮತ್ತೊಂದು ರಚನೆ ಚರ್ಚಿಸುತ್ತದೆ. ಫ್ರಾಂಟಿ ಅವರು ತಮ್ಮ ಮಿಶ್ರ ಜನನ ಮತ್ತು ದತ್ತು ಬದುಕನ್ನು ಒಂದು ಸಾಮಾಜಿಕ ಪ್ರಯೋಗವೆಂಬಂತೆ ಹೊರಗೆ ನಿಂತು ನೋಡುವ ರಚನೆಯೂ ಇದೆ. ಅಮೆರಿಕದ ಕಾಯಂ ವಾಸದ ಪರವಾನಗಿ ಪತ್ರದ ಸಂಖ್ಯೆಯೊಂದನ್ನೇ ಶೀರ್ಷಿಕೆಯಾಗಿ ಹೊತ್ತ ಕಿರು ತುಣುಕೊಂದಿದೆ. ವಲಸಿಗನನ್ನು ಪ್ರಭುತ್ವವು ಹೇಗೆ ಗುರುತಿಸುತ್ತದೆ ಎಂಬುದನ್ನು ಹೇಳಲು ಆ ಸಂಖ್ಯೆಯೊಂದೇ ಸಾಕು.

ಜಾನಪದ ವಿದ್ವಾಂಸರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು ‘ಲ್ಯಾಂಗ್ವೇಜ್ ಆಫ್ ವಯಲೆನ್ಸ್’ ಎಂಬ ಕಥನಗೀತೆ. ಸಲಿಂಗಕಾಮಿಯೆಂಬ ಬೈಗುಳಕ್ಕೆ ಗುರಿಯಾದ ಹುಡುಗನೊಬ್ಬ ತನ್ನ ಓರಗೆಯವರ ಹೊಡೆತಕ್ಕೆ ಬಲಿಯಾಗುತ್ತಾನೆ. ಹೊಡೆದವರಲ್ಲಿ ಒಬ್ಬ ಸೆರೆಮನೆ ಸೇರಿ, ಅಲ್ಲಿ ಅದೇ ಹಿಂಸೆಗೆ ತಾನೇ ಗುರಿಯಾಗುತ್ತಾನೆ. ಕೃತ್ಯ ಮತ್ತು ಪ್ರತಿಫಲಗಳ ಈ ವೃತ್ತಾಕಾರದ ವಿನ್ಯಾಸವು ಜಗತ್ತಿನ ಅನೇಕ ಲಾವಣಿಗಳಲ್ಲಿ ಕಾಣಸಿಗುವಂಥದ್ದು. ಆದರೆ ಸಾಂಪ್ರದಾಯಿಕ ಲಾವಣಿಯು ಪ್ರತಿಫಲವನ್ನು ನ್ಯಾಯವೆಂದು ಒಪ್ಪಿಸಿ ಕೇಳುಗನಿಗೆ ಸಮಾಧಾನ ನೀಡುತ್ತದೆ. ಇಲ್ಲಿ ಆ ಸಮಾಧಾನವಿಲ್ಲ. ಕೊಂದವನೂ ಬಲಿಪಶುವಾದಾಗ ಹಿಂಸೆ ಮುಗಿಯುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ದಾಟಿಸುವ ವಾಹಕವು ಭಾಷೆ ಎಂಬುದನ್ನು ಶೀರ್ಷಿಕೆಯೇ ಸೂಚಿಸುತ್ತದೆ. ಬೈಗುಳದ ಸವಾಲು-ಜವಾಬಿನ ಪರಂಪರೆಯಿಂದ ಬೆಳೆದ ಕಲೆಯೊಂದು, ಸಲಿಂಗಿಗಳನ್ನು ಹೀಯಾಳಿಸುವ ಮಾತು ತನ್ನಲ್ಲಿ ಸಾಮಾನ್ಯವಾಗಿದ್ದ ಕಾಲದಲ್ಲಿ, ಬೈಗುಳದ ಹೊಣೆಗಾರಿಕೆಯನ್ನು ಹೀಗೆ ವಿಚಾರಣೆಗೆ ಒಳಪಡಿಸಿದ್ದು ಸಣ್ಣ ಸಂಗತಿಯಲ್ಲ.

5. ಪಾಠಾಂತರಗಳ ಪ್ರಶ್ನೆ

ಅಲ್ಪಕಾಲ ಬದುಕಿದ ತಂಡದಲ್ಲಿ ಪರಂಪರೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವನ್ನು ತಂಡದ ಆಯುಷ್ಯದಲ್ಲಿ ಹುಡುಕಬಾರದು. ಅದು ನುಡಿಸಿದ ಪಠ್ಯಗಳ ಆಯುಷ್ಯದಲ್ಲಿ ಹುಡುಕಬೇಕು. ಎರಡು ಉದಾಹರಣೆಗಳನ್ನು ಪರಿಶೀಲಿಸಬಹುದು.

ಮೊದಲನೆಯದು ದೂರದರ್ಶನವನ್ನು ಕುರಿತ ರಚನೆ. 1988ರ ಬೀಟ್‌ನಿಗ್ಸ್ ಪಾಠವು ಒರಟಾದುದು, ಸಾಮೂಹಿಕ ಘೋಷಣೆಯ ಸ್ವರೂಪದ್ದು. ಶೆರ್ವುಡ್ ಮತ್ತು ಸಂಗಡಿಗರ ಮರುಮಿಶ್ರಣವು ಅದನ್ನು ಲಂಡನ್ನಿನ ಧ್ವನಿಪ್ರಯೋಗಗಳ ಜಗತ್ತಿಗೆ ಒಯ್ದಿತು. 1992ರ ಹಿಪ್‌ಹಾಪ್ರಿಸಿ ಪಾಠದಲ್ಲಿ ಪಲ್ಲವಿ ಅದೇ ಆದರೂ ಲಯ ನಿಧಾನವಾಗಿದೆ. ಗುಂಪಿನ ಕೂಗಿನ ಸ್ಥಾನವನ್ನು ಏಕಕಂಠದ ನಿರೂಪಣೆ ಆಕ್ರಮಿಸಿದೆ. ಅದೇ ವರ್ಷ ಐರ್ಲೆಂಡಿನ ‘ಯು ಟೂ’ ತಂಡವು ತನ್ನ ‘ಝೂ ಟಿವಿ’ ಪ್ರವಾಸದಲ್ಲಿ ಪ್ರದರ್ಶನಕ್ಕೆ ಮುನ್ನ ಈ ರಚನೆಯನ್ನು ಬೃಹತ್ ಪರದೆಗಳ ಮೇಲೆ ತೋರಿಸಿತು. ಅಮೆರಿಕದ ಕ್ರೀಡಾಂಗಣಗಳಲ್ಲಿ ಹಿಪ್‌ಹಾಪ್ರಿಸಿ ತಂಡವೇ ಆರಂಭಿಕ ಪ್ರದರ್ಶನವನ್ನೂ ನೀಡಿತು. ಪರದೆಯನ್ನು ಮಾದಕವೆಂದು ಕರೆದ ಮಾತು ಪರದೆಗಳ ಗೋಡೆಯ ಮೇಲೆಯೇ ಮೂಡಿಬಂದದ್ದು ಒಂದು ವಿಪರ್ಯಾಸ. ನಾಲ್ಕು ವರ್ಷಗಳಲ್ಲಿ ಒಂದೇ ಪಠ್ಯವು ನಾಲ್ಕು ಸಂದರ್ಭಗಳನ್ನು ದಾಟಿತು. ಪ್ರತಿ ಸಂದರ್ಭದಲ್ಲಿಯೂ ಅದರ ಅರ್ಥ ಬೇರೆಯಾಯಿತು.

ಎರಡನೆಯದು ‘ಕ್ಯಾಲಿಫೋರ್ನಿಯಾ ಊಬರ್ ಅಲ್ಲೆಸ್’. ಜರ್ಮನಿಯ ರಾಷ್ಟ್ರಗೀತೆಯ ಹಳೆಯ ಸಾಲನ್ನು ಅಣಕಿಸುವ ಶೀರ್ಷಿಕೆಯ ಈ ಹಾಡನ್ನು ಡೆಡ್ ಕೆನಡೀಸ್ ತಂಡವು 1979ರಲ್ಲಿ ಅಂದಿನ ಕ್ಯಾಲಿಫೋರ್ನಿಯಾ ಗವರ್ನರ್ ಜೆರ್ರಿ ಬ್ರೌನ್ ಅವರನ್ನು ಕುರಿತು ಹಾಡಿತ್ತು. 1981ರಲ್ಲಿ ಅದೇ ತಂಡ ಮಾತುಗಳನ್ನು ಬದಲಿಸಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರನ್ನು ಗುರಿಯಾಗಿಸಿತು. 1992ರಲ್ಲಿ ಹಿಪ್‌ಹಾಪ್ರಿಸಿ ತಂಡವು ಮತ್ತೆ ಬದಲಿಸಿ ಅಂದಿನ ಗವರ್ನರ್ ಪೀಟ್ ವಿಲ್ಸನ್ ಅವರನ್ನು ಗುರಿಯಾಗಿಸಿತು. ಮೂಲಚೌಕಟ್ಟು ಸ್ಥಿರವಾಗಿದ್ದು ವ್ಯಕ್ತಿನಾಮವು ಕಾಲಕ್ಕೆ ತಕ್ಕಂತೆ ಬದಲಾಗುವುದು ವಿಡಂಬನೆಯ ಜನಪದ ಗೀತೆಗಳ ಮೂಲ ಲಕ್ಷಣ. ಕರ್ತೃವಿನ ಹೆಸರು ಗೊತ್ತಿರುವುದರಿಂದ ಮತ್ತು ಹಾಡು ಕಂಪನಿಯ ಮೂಲಕ ಮಾರಾಟವಾದುದರಿಂದ ಈ ಪ್ರಕ್ರಿಯೆಯ ಜಾನಪದೀಯತೆಯನ್ನು ನಿರಾಕರಿಸಬೇಕಾಗಿಲ್ಲ.

1993ರಲ್ಲಿ ಬೀಟ್ ಪೀಳಿಗೆಯ ಹಿರಿಯ ಲೇಖಕ ವಿಲಿಯಂ ಬರೋಸ್ ಅವರ ಗದ್ಯವಾಚನಕ್ಕೆ ತಂಡವು ಸಂಗೀತ ನೀಡಿತು. 1914ರಲ್ಲಿ ಜನಿಸಿದ ಬರೋಸ್ ಆಗ ಎಂಬತ್ತರ ಸಮೀಪದಲ್ಲಿದ್ದರು. ಪಠ್ಯವನ್ನು ಕತ್ತರಿಸಿ ತುಣುಕುಗಳನ್ನು ಮರುಜೋಡಿಸುವ ಅವರ ರಚನಾಕ್ರಮವು ಇಂಡಸ್ಟ್ರಿಯಲ್ ಕಲಾವಿದರ ಮೇಲೆ ಗಾಢ ಪ್ರಭಾವ ಬೀರಿತ್ತು. ಅವರ ಹಳೆಯ ಧ್ವನಿಸುರುಳಿಗಳನ್ನು 1981ರಲ್ಲಿ ಪ್ರಕಟಿಸಿದ್ದು ಇಂಡಸ್ಟ್ರಿಯಲ್ ರೆಕಾರ್ಡ್ಸ್ ಸಂಸ್ಥೆಯೇ. ಮುದ್ರಿತ ಧ್ವನಿಯ ತುಣುಕುಗಳನ್ನು ಕತ್ತರಿಸಿ ಹೊಸ ಲಯವನ್ನು ಕಟ್ಟುವ ಹಿಪ್‌ಹಾಪ್‌ನ ಸ್ಯಾಂಪ್ಲಿಂಗ್ ವಿಧಾನವು ಬೇರೆ ದಾರಿಯಿಂದ ಅದೇ ಸ್ಥಳಕ್ಕೆ ಬಂದು ಸೇರಿತ್ತು. ಬೀಟ್‌ನಿಕರನ್ನು ಅಣಕಿಸುವ ಹೆಸರಿನಿಂದ ಆರಂಭವಾದ ಪಯಣವು ಬೀಟ್ ಲೇಖಕನೊಬ್ಬನ ಕಂಠಕ್ಕೆ ತಾಳ ಹಿಡಿಯುವುದರೊಂದಿಗೆ ಮುಕ್ತಾಯಗೊಂಡಿತು.

6. ವಿಸರ್ಜನೆ ಮತ್ತು ಉಳಿಕೆ

1993ರಲ್ಲಿ ತಂಡ ವಿಸರ್ಜನೆಗೊಂಡಿತು. ಫ್ರಾಂಟಿ ಅವರು ಕಟ್ಟಿದ ‘ಸ್ಪಿಯರ್‌ಹೆಡ್’ ತಂಡದ ಮೊದಲ ಧ್ವನಿಮುದ್ರಿಕೆ 1994ರಲ್ಲಿ ಹೊರಬಂದಿತು. ಅಲ್ಲಿ ರಾಜಕೀಯ ಪ್ರಜ್ಞೆ ಮುಂದುವರಿಯಿತಾದರೂ ಸಂಗೀತವು ಫಂಕ್, ಸೋಲ್, ರೆಗೆಗಳ ಬೆಚ್ಚನೆಯ ಲಯಗಳತ್ತ ಹೊರಳಿತು. ಗರಗಸ ಮತ್ತು ಸರಪಳಿಗಳಿಗೆ ಅಲ್ಲಿ ಸ್ಥಾನವಿರಲಿಲ್ಲ.

ಈ ಸ್ಥಿತ್ಯಂತರದ ಬೀಜವು ಹಿಪ್‌ಹಾಪ್ರಿಸಿಯ ಒಳಗೇ ಇತ್ತೆಂಬುದು ಈ ಲೇಖಕನ ಅಭಿಪ್ರಾಯ. ಮಾತು ಮತ್ತು ಲೋಹಗಳ ನಡುವೆ ಆರಂಭದಿಂದಲೂ ಒಂದು ಎಳೆದಾಟವಿದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಲೋಹ ತಗ್ಗಬೇಕು; ಲೋಹ ತನ್ನ ಪೂರ್ಣಧ್ವನಿಯಲ್ಲಿ ಮೊಳಗಿದರೆ ಮಾತು ಮುಳುಗುತ್ತದೆ. ಬೀಟ್‌ನಿಗ್ಸ್ ಕಾಲದಲ್ಲಿ ಲೋಹದ ಕೈ ಮೇಲಾಗಿತ್ತು. 1992ರ ಧ್ವನಿಮುದ್ರಿಕೆಯಲ್ಲಿ ವಾದವನ್ನು ಮಂಡಿಸಬೇಕೆಂಬ ಒತ್ತಡವು ಮಾತಿಗೆ ಪ್ರಾಧಾನ್ಯ ಕೊಟ್ಟಿತು. ಸಂಗೀತ ಮತ್ತು ರಾಜಕೀಯದ ಸಂಬಂಧವನ್ನು ಕುರಿತು ಫ್ರಾಂಟಿ ಆತ್ಮಶೋಧನೆ ನಡೆಸುವ ರಚನೆಯಲ್ಲಿ ಉಳಿದಿರುವುದು ಕಂಠ ಮತ್ತು ಹಂಟರ್ 

ಅವರ ಗಿಟಾರ್ ಮಾತ್ರ. ಲೋಹವು ಅಲ್ಲಿ ಪೂರ್ಣವಾಗಿ ಮೌನ ತಾಳಿದೆ.

ಇನ್ನೊಂದು ಕಾರಣವನ್ನೂ ಪರಿಗಣಿಸಬಹುದು. ಸೆರೆಮನೆಯ ಕೊಡಲಿಗೆ ಲಯವನ್ನು ಕೊಟ್ಟದ್ದು ದುಡಿಮೆ. ಆ ದುಡಿಮೆ ಇರುವವರೆಗೆ ಹಾಡೂ ಇತ್ತು. ಹಾಡು ನಾಳೆಯೂ ಅಗತ್ಯವಾಗಿತ್ತು. ಹಿಪ್‌ಹಾಪ್ರಿಸಿಯ ವೇದಿಕೆಯ ಮೇಲಿನ ಗರಗಸವು ಏನನ್ನೂ ತಯಾರಿಸುತ್ತಿರಲಿಲ್ಲ. ಅದು ಕಳೆದುಹೋದ ದುಡಿಮೆಯ ಸಂಕೇತವಾಗಿತ್ತು. ಸಂಕೇತವನ್ನು ಕೆಲವು ಬಾರಿ ಶಕ್ತಿಯುತವಾಗಿ ತೋರಿಸಬಹುದು. ಪ್ರತಿದಿನ ತೋರಿಸಿದರೆ ಅದು ರೂಢಿಯಾಗುತ್ತದೆ. ತಂಡದ ಅಲ್ಪಾಯುಷ್ಯವು ಸೋಲಿನ ಗುರುತಾಗಿರದೆ ಅದರ ವಸ್ತುವಿನ ಸ್ವಭಾವಕ್ಕೆ ಸಹಜವಾದುದಾಗಿರುವ ಸಾಧ್ಯತೆಯಿದೆ.

ಹಿಪ್‌ಹಾಪ್ ಮತ್ತು ಕರ್ಕಶ ಧ್ವನಿಯ ಸಂಯೋಗ ಅಲ್ಲಿಗೆ ಮುಗಿಯಲಿಲ್ಲ. 1998ರಲ್ಲಿ ನ್ಯೂಜರ್ಸಿಯ ನ್ಯೂಆರ್ಕ್‌ನಿಂದ ಬಂದ ‘ಡಾಲೆಕ್’, ಲಾಸ್ ಏಂಜಲೀಸ್‌ನ ‘ಕ್ಲಿಪಿಂಗ್’, 2010ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿದ ‘ಡೆತ್ ಗ್ರಿಪ್ಸ್’ ತಂಡಗಳು ಆ ಸಂಯೋಗವನ್ನು ಬೇರೆ ಬೇರೆ ದಿಕ್ಕುಗಳಿಗೆ ಒಯ್ದವು. ಸ್ಯಾಕ್ರಮೆಂಟೊ ಫ್ರಾಂಟಿ ಬೆಳೆದ ಡೇವಿಸ್‌ಗೆ ನೆರೆಯ ಊರು. ಆದರೂ ಇವರೆಲ್ಲರನ್ನು ನೇರವಾಗಿ ಹಿಪ್‌ಹಾಪ್ರಿಸಿಯ ಶಿಷ್ಯಪರಂಪರೆಯೆಂದು ಕರೆಯುವುದು ಅವಸರದ ತೀರ್ಮಾನವಾದೀತು. ಒಂದೇ ಬಗೆಯ ಸಾಮಾಜಿಕ ಸನ್ನಿವೇಶವು ಬೇರೆ ಬೇರೆ ಊರುಗಳಲ್ಲಿ ಒಂದೇ ಬಗೆಯ ಅಭಿವ್ಯಕ್ತಿಗೆ ಎಡೆಮಾಡಿಕೊಡಬಲ್ಲದು. ಪ್ರಸರಣವೋ, ಸ್ವತಂತ್ರ ಉಗಮವೋ ಎಂಬ ನಮ್ಮ ಶಾಸ್ತ್ರದ ಹಳೆಯ ಚರ್ಚೆಯು ಇಲ್ಲಿಯೂ ಪ್ರಸ್ತುತವಾಗಿದೆ.

7. ಸಮಾರೋಪ

ಈವರೆಗಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಉಪಕರಣವನ್ನು ವಾದ್ಯವಾಗಿಸುವ ಕ್ರಮಕ್ಕೆ ಆಫ್ರಿಕನ್ ಅಮೆರಿಕನ್ ದುಡಿಮೆಯ ಹಾಡಿನಲ್ಲಿ ದೀರ್ಘ ಹಿನ್ನೆಲೆಯಿದೆ. ಇಂಡಸ್ಟ್ರಿಯಲ್ ಹಿಪ್‌ಹಾಪ್ ಅನ್ನು ಯುರೋಪಿನ ಪ್ರಯೋಗದ ಅನುಕರಣೆಯೆಂದು ಮಾತ್ರ ನೋಡುವುದು ಅಪೂರ್ಣ. ತಂಡ ಅಳಿದರೂ ಪಠ್ಯಗಳು ಪಾಠಾಂತರಗೊಳ್ಳುತ್ತ ಚಲಿಸುತ್ತವೆ. ಆದ್ದರಿಂದ ಆಯುಷ್ಯವನ್ನು ಅಳೆಯಬೇಕಾದುದು ತಂಡದಲ್ಲಲ್ಲ. ಮೂರನೆಯದಾಗಿ, ಕೈಗಾರಿಕೆಯು ನಿರ್ಗಮಿಸಿದ ನಗರಗಳಲ್ಲಿ ಹುಟ್ಟುವ ಕಲೆಯು ಅಲ್ಪಾಯುಷಿಯಾಗಿರುವುದಕ್ಕೆ ತನ್ನದೇ ಆದ ಕಾರಣಗಳಿವೆ.

ಆದರೆ ಎಲ್ಲವೂ ಉಳಿದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಇಂದು ಹಿಪ್‌ಹಾಪ್ರಿಸಿಯ ಧ್ವನಿಮುದ್ರಿಕೆಯನ್ನು ಕೇಳುವವರಿಗೆ ಫ್ರಾಂಟಿ ಅವರ ಪ್ರತಿ ಪದವೂ ದಕ್ಕುತ್ತದೆ. ದಕ್ಕದಿರುವುದು ತ್ಸೆ ಅವರ ಗರಗಸದಿಂದ ಚಿಮ್ಮಿದ ಕಿಡಿ, ಕಾದ ಕಬ್ಬಿಣದ ವಾಸನೆ, ಮುಂದಿನ ಸಾಲಿನಲ್ಲಿ ನಿಂತವರು ಹಿಂದಕ್ಕೆ ಸರಿಯುತ್ತಿದ್ದಿರಬಹುದಾದ ಆ ಕ್ಷಣ. ಧ್ವನಿಮುದ್ರಿಕೆಯು ಮಾತನ್ನು ಕಾಪಾಡಿತು, ಪ್ರದರ್ಶನವನ್ನು ಕಾಪಾಡಲಿಲ್ಲ. ಕಾವ್ಯಗಳನ್ನು ಅಕ್ಷರಕ್ಕೆ ಇಳಿಸುವಾಗ ನಾವು ಕೂಡ ಹಾಡಿದವರ ಪದಗಳನ್ನು ಬರೆದುಕೊಂಡು, ಅವರ ಕೈಯಲ್ಲಿದ್ದ ಉಪಕರಣವನ್ನೂ ಅವರು ಮಾಡುತ್ತಿದ್ದ ಕೆಲಸವನ್ನೂ ಅನೇಕ ಸಲ ಬರೆಯದೆ ಬಿಟ್ಟಿದ್ದೇವೆ. ಪಠ್ಯ ಸಿಕ್ಕಿತೆಂಬ ತೃಪ್ತಿಯು ಉಳಿದುದರ ನಷ್ಟವನ್ನು ಮರೆಸಿದೆ.

ಅಲ್ಪಾಯುಷಿ ತಂಡಗಳ ವಿಷಯದಲ್ಲಿ ಈ ಮರೆವು ಇನ್ನೂ ದುಬಾರಿಯಾಗುತ್ತದೆ, ಏಕೆಂದರೆ ಅಲ್ಲಿ ಎರಡನೆಯ ಭೇಟಿಗೆ ಅವಕಾಶವಿರುವುದಿಲ್ಲ. ಹಲವು ತಲೆಮಾರು ಬಾಳುವ ಹಾಡನ್ನು ಒಬ್ಬ ಸಂಗ್ರಾಹಕ ತಪ್ಪಿಸಿಕೊಂಡರೆ ಇನ್ನೊಬ್ಬನಿಗೆ ಅದು ಸಿಗಬಹುದು. ಮೂರು ವರ್ಷ ಬಾಳುವ ಮೇಳವನ್ನು ಅದು ಇರುವಾಗಲೇ ದಾಖಲಿಸಬೇಕು: ಮಾತಿನ ಜೊತೆಗೆ ವಾದ್ಯವನ್ನು, ವಾದ್ಯದ ಜೊತೆಗೆ ಅದು ಬಂದ ಗುಜರಿಯನ್ನು, ಗುಜರಿಯ ಹಿಂದಿನ ಕಾರ್ಖಾನೆಯನ್ನು. ಕಾಲದ ಕುರಿತ ನಮ್ಮ ಪೂರ್ವಗ್ರಹವನ್ನು ಬಿಟ್ಟು ಈ ಕೆಲಸವನ್ನು ಕೈಗೊಂಡರೆ ಜಾನಪದ ಅಧ್ಯಯನದ ವ್ಯಾಪ್ತಿಯು ಹಿಗ್ಗುತ್ತದೆ. ಅದರ ಹೊಣೆಯೂ ಹೆಚ್ಚುತ್ತದೆ.